ಸಿಹಿಗುಂಬಳದ ಕುಕಿ ಮರುದಿನ ಅಂಟಂಟಾಗುವುದೇಕೆ?

ಓವನ್‌ನಿಂದ ತೆಗೆದಾಗ ಕುಕಿ ಮೆತ್ತಗಿದ್ದು, ಬೆಳಗಾಗುವಷ್ಟರಲ್ಲಿ ಕೈಗೆ ಅಂಟುತ್ತದೆ, ಹಿಟ್ಟು ಜಾಸ್ತಿ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ, ರೊಟ್ಟಿಯಂತಾಗುತ್ತದೆ. ತಪ್ಪು ಹಿಟ್ಟಿನದಲ್ಲ, ಕುಂಬಳದ ನೀರಿನದು.

ಡಬ್ಬಿಯಲ್ಲಿ ಸಿಗುವ ಕುಂಬಳದ ತಿರುಳನ್ನು ನೇರವಾಗಿ ಬೆರೆಸಬೇಡಿ. ಸುಮಾರು 180 ಗ್ರಾಂ ತಿರುಳನ್ನು ಸಣ್ಣ ಉರಿಯಲ್ಲಿ, ಹಲ್ವಾ ತಿರುವಿದಂತೆ ಬಾಣಲೆಯಲ್ಲಿ ತಿರುವಿ. ಮೊದಲು ಪುಟುಪುಟು ಸಿಡಿಯುತ್ತದೆ, ಆಮೇಲೆ ಬಣ್ಣ ಗಾಢವಾಗಿ ತಳ ಬಿಡಲು ತೊಡಗುತ್ತದೆ. 110 ಗ್ರಾಂಗೆ ಇಳಿದರೆ ಸಾಕು, ಪೂರ್ತಿ ಆರಿಸಿ. ಇಡೀ ಮೊಟ್ಟೆಯ ಬದಲು ಹಳದಿಯನ್ನಷ್ಟೇ ಹಾಕಿ, ಬಿಳಿಯೂ ನೀರೇ ತಾನೆ. ಇದಕ್ಕೆ 115 ಗ್ರಾಂ ಬೆಣ್ಣೆ, 150 ಗ್ರಾಂ ಕಂದು ಸಕ್ಕರೆ, 220 ಗ್ರಾಂ ಮೈದಾ, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು.

ಡಬ್ಬಿಯ ಮೇಲಿನ ಬರಹವನ್ನೂ ಓದಿ. ಅಮೆರಿಕದ ಅಂಗಡಿಗಳಲ್ಲಿ ಪೈಗೆಂದೇ ಸಕ್ಕರೆ, ಮಸಾಲೆ ಬೆರೆಸಿದ ಡಬ್ಬಿಯೂ ಪಕ್ಕದಲ್ಲೇ ಕೂತಿರುತ್ತದೆ. ಒಮ್ಮೆ ಅದನ್ನೇ ತಂದು ಎರಡು ತಟ್ಟೆ ಕುಕಿ ಹಾಳು ಮಾಡಿದವಳು ನಾನು.

ಮಸಾಲೆಗೆ ಒಂದು ಚಮಚ ಚಕ್ಕೆ ಪುಡಿ, ಅರ್ಧ ಚಮಚ ಒಣಶುಂಠಿ, ಸ್ವಲ್ಪ ಜಾಯಿಕಾಯಿ. ಲವಂಗ ಮಾತ್ರ ಚಿಟಿಕೆಯಷ್ಟೇ. ಹೆಚ್ಚಾದರೆ ಹಲ್ಲುನೋವಿನ ಔಷಧಿಯ ನೆನಪಾಗುತ್ತದೆ.

350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 10–12 ನಿಮಿಷ. ಅಂಚು ಗಟ್ಟಿಯಾಗಿ ನಡು ಇನ್ನೂ ಮೆತ್ತಗಿರುವಾಗಲೇ ತೆಗೆಯಿರಿ. ಬಿಸಿ ಇರುವಾಗ ಡಬ್ಬಿಗೆ ತುಂಬಿ ಮುಚ್ಚಿದರೆ ಮತ್ತೆ ಅದೇ ಅಂಟು.