ಚೈನ್‌ಸಾ ಬಾರಿಗೆ ಯಾವ ಆಯಿಲ್ ಹಾಕಬೇಕು?

ಪ್ರಶ್ನೆ: ನನ್ನ ಹತ್ತಿರ 18 ಇಂಚಿನ ಬಾರ್ (ಚೈನ್ ಸುತ್ತುವ ಚಪ್ಪಟೆ ಉಕ್ಕಿನ ಪಟ್ಟಿ) ಇರುವ ಪೆಟ್ರೋಲ್ ಚೈನ್‌ಸಾ ಇದೆ. ಬಾರ್-ಚೈನಿಗೆ ಅಂತಲೇ ಸಿಗುವ ಆಯಿಲ್ ಬಹಳ ಬೇಗ ಖಾಲಿಯಾಗುತ್ತದೆ. ಹೇಗೂ ಸೋರಿ ಹೋಗುವ ಎಣ್ಣೆ ತಾನೇ, ಗಾಡಿಯಿಂದ ತೆಗೆದ ಹಳೇ ಎಂಜಿನ್ ಆಯಿಲ್ ಹಾಕಿದರೆ ಸಾಕು ಅಂತ ಗೆಳೆಯರು ಹೇಳುತ್ತಾರೆ. ಹಾಕಬಹುದಾ? ಬೇಡ ಅಂದರೆ ಏನು ನೋಡಿ ಕೊಳ್ಳಬೇಕು?

ಉತ್ತರ: ಹಳೇ ಎಂಜಿನ್ ಆಯಿಲ್ ಖಂಡಿತ ಬೇಡ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಾದರೆ ಅಂಗಡಿಯಲ್ಲಿ ಯಾವ ಡಬ್ಬಿ ಎತ್ತಿಕೊಳ್ಳಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ.

ಎಂಜಿನ್ ಒಳಗಿನ ಎಣ್ಣೆ ಸುತ್ತಿ ಸುತ್ತಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಚೈನ್‌ಸಾದಲ್ಲಿ ಹಾಗಲ್ಲ. ಪಂಪ್ ಒಂದೊಂದೇ ಹನಿಯನ್ನು ಬಾರಿನ ಬುಡದಲ್ಲಿರುವ ಸಣ್ಣ ತೂತಿಗೆ ತಳ್ಳುತ್ತದೆ. ಅಲ್ಲಿಂದ ಎಣ್ಣೆ ಬಾರಿನ ಅಂಚಿನ ಕಾಲುವೆಗೆ ಇಳಿಯುತ್ತದೆ. ಚೈನಿನ ಒಳಹಲ್ಲುಗಳು, ಅಂದರೆ ಡ್ರೈವ್ ಲಿಂಕ್‌ಗಳು, ಅದನ್ನು ಎಳೆದುಕೊಂಡು ಬಾರಿನ ಮೂತಿಯವರೆಗೆ, ಅಂದರೆ ಮುಂತುದಿಯವರೆಗೆ ಹೋಗಬೇಕು, ಅಲ್ಲಿ ತಿರುಗಿ ಕೆಳಗಿನ ಅಂಚಿಗೂ ಒಯ್ಯಬೇಕು. ಮರ ಕೊಯ್ಯುವ ಕೆಲಸ ಹೆಚ್ಚಾಗಿ ನಡೆಯುವುದೇ ಆ ಕೆಳಗಿನ ಅಂಚಿನಲ್ಲಿ. ಅಲ್ಲಿಗೆ ಎಣ್ಣೆ ತಲುಪುವುದು ಕೊನೆಗೆ.

ಫುಲ್ ಥ್ರಾಟಲ್‌ನಲ್ಲಿ, ಅಂದರೆ ಎಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಚೈನ್ ಸೆಕೆಂಡಿಗೆ 20 ಮೀಟರ್‌ ಆಸುಪಾಸಿನಲ್ಲಿ ಓಡುತ್ತದೆ. ಗಂಟೆಗೆ 72 ಕಿಲೋಮೀಟರ್ ಅಂದುಕೊಳ್ಳಿ. ಆ ವೇಗದಲ್ಲಿ ಮೂರು ಸೆಂಟಿಮೀಟರ್ ತ್ರಿಜ್ಯದ ಮೂತಿಯನ್ನು ಸುತ್ತುವಾಗ, ಎಣ್ಣೆಯ ಹನಿ ಚೈನಿಗೆ ಅಂಟಿ ಉಳಿಯಬೇಕಾದರೆ ತನ್ನ ತೂಕದ ಸಾವಿರ ಪಟ್ಟಿಗೂ ಮೀರಿದ ಬಲ ತಡೆದುಕೊಳ್ಳಬೇಕು. ಮಾಮೂಲಿ ಎಣ್ಣೆ ಅಲ್ಲೇ ಸಿಡಿದು ಹೋಗುತ್ತದೆ. ಕೆಳಗಿನ ಅಂಚು ಒಣಗಿಯೇ ಓಡುತ್ತದೆ.

ಹಾಗಾಗಿ ಬಾರ್ ಆಯಿಲ್‌ನಲ್ಲಿ ಮೊದಲು ನೋಡಬೇಕಾದದ್ದು ಅಂಟು. ಇದಕ್ಕಾಗಿಯೇ ಅದರಲ್ಲಿ ಒಂದು ಜಿಗುಟು ಪದಾರ್ಥ ಬೆರೆಸಿರುತ್ತಾರೆ. ಡಬ್ಬಿಯ ಮೇಲೆ ಟ್ಯಾಕಿಫೈಯರ್ ಅಂತ ಬರೆದಿದ್ದರೆ ಅದು ಇದೇ. ನೀವೇ ಪರೀಕ್ಷೆ ಮಾಡಬಹುದು. ಹೆಬ್ಬೆರಳು, ತೋರುಬೆರಳ ನಡುವೆ ಒಂದು ಹನಿ ಹಾಕಿ ಒತ್ತಿ, ನಿಧಾನಕ್ಕೆ ಬೆರಳು ಬಿಡಿಸಿ. ಒಳ್ಳೆ ಬಾರ್ ಆಯಿಲ್ ಜೇಡನ ದಾರದ ಹಾಗೆ ಎಳೆ ಬಿಡುತ್ತದೆ. ಎಂಜಿನ್ ಆಯಿಲ್ ತಕ್ಷಣ ಕಡಿದುಕೊಳ್ಳುತ್ತದೆ.

ಎರಡನೆಯದು ಮಂದ, ಅಂದರೆ ಎಣ್ಣೆ ಎಷ್ಟು ದಪ್ಪ ಅನ್ನುವುದು. ಡಬ್ಬಿಯ ಮೇಲೆ ಅದನ್ನು ಹೇಳುವ ಐಎಸ್‌ಒ ವಿಜಿ ಅಂತ ಒಂದು ನಂಬರ್ ಇರುತ್ತದೆ. ಬೆಚ್ಚಗಿನ ಹವೆಗೆ 100ರಿಂದ 150ರವರೆಗಿನದು ಸರಿ. ಕೆಲವರು ಎಂಜಿನ್ ಆಯಿಲ್‌ಗೆ ಬಳಸುವ ಮಂದದ ನಂಬರಿನಲ್ಲಿ ಎಸ್‌ಎಇ 30 ಅಂತ ಬರೆದಿರುತ್ತಾರೆ, ಅದು ಹೆಚ್ಚುಕಮ್ಮಿ ವಿಜಿ 100ಕ್ಕೆ ಸಮ. ಕೊರೆಯುವ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಪಂಪಿಗೆ ಎಳೆಯಲು ಆಗುವುದಿಲ್ಲ. ಅಂಥ ಕಡೆ ಚಳಿಗಾಲದ ತೆಳು ಗ್ರೇಡ್ ತೆಗೆದುಕೊಳ್ಳಿ. ಪೆಟ್ರೋಲ್ ಬೆರೆಸಿ ತೆಳು ಮಾಡುವ ಕೆಲಸಕ್ಕೆ ಮಾತ್ರ ಹೋಗಬೇಡಿ. ಬಿಸಿ ಬಾರಿನ ಮೇಲೆ ಪೆಟ್ರೋಲ್ ಸುರಿದ ಹಾಗಾಗುತ್ತದೆ. ಗ್ರೀಸ್ ಕೂಡ ಈ ಟ್ಯಾಂಕಿಗಲ್ಲ. ಅಷ್ಟು ಮಂದವಾದದ್ದನ್ನು ಈ ಸಣ್ಣ ಪಂಪ್ ಎಳೆಯುವುದಿಲ್ಲ.

ಈಗ ಹಳೇ ಆಯಿಲ್ ವಿಷಯ. ಎಂಜಿನ್ನಿನಿಂದ ಇಳಿಸಿದ ಎಣ್ಣೆಯಲ್ಲಿ ಲೋಹದ ಸಣ್ಣ ಪುಡಿ, ಮಸಿ, ಸುಟ್ಟ ಇಂಧನದ ಕೊಳೆ ಎಲ್ಲ ಇರುತ್ತದೆ. ಹಳೇ ಆಯಿಲ್ ಹಾಕಿ ಓಡಿಸಿ, ಒಮ್ಮೆ ರಿಪೇರಿಗೆ ನನ್ನ ಮೇಜಿಗೆ ಬಂದ ಮೆಷಿನ್ನಿನ ಕ್ಲಚ್ ಕವರ್, ಅಂದರೆ ಬಾರಿನ ಬುಡದ ಮುಚ್ಚಳ, ಬಿಚ್ಚಿದೆ. ಬಾರಿನ ಕಾಲುವೆ ತುಂಬ ಮರದ ಹೊಟ್ಟೂ ಕಪ್ಪೆಣ್ಣೆಯೂ ಕಲಸಿ ತಾರಿನ ಹಾಗೆ ಗಟ್ಟಿಯಾಗಿತ್ತು. ಎಣ್ಣೆ ತೂತು ಕಾಣುತ್ತಲೇ ಇರಲಿಲ್ಲ, ಸೂಜಿ ಹಾಕಿ ಹುಡುಕಬೇಕಾಯಿತು. ಮೂತಿಯ ಹತ್ತಿರ ಬಾರಿನ ಅಂಚು ನೀಲಿ ಬಣ್ಣಕ್ಕೆ ತಿರುಗಿತ್ತು. ಉಕ್ಕು ನೀಲಿಯಾಗಬೇಕಾದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕು. ಅಷ್ಟು ಕಾದ ಅಂಚು ತನ್ನ ಗಡಸುತನ ಕಳೆದುಕೊಳ್ಳುತ್ತದೆ, ಮತ್ತೆ ಬೇಗ ಬೇಗ ಸವೆಯುತ್ತದೆ. ಆ ಬಾರ್ ಉಳಿಯಲಿಲ್ಲ, ಪಂಪೂ ಬದಲಿಸಬೇಕಾಯಿತು. ಪಾಪ, ಆ ಮೆಷಿನ್ನಿನವರು ಉಳಿಸಲು ಹೊರಟದ್ದು ಎಣ್ಣೆಯ ಖರ್ಚು.

ಮೆಷಿನ್ ಹಾಳಾದರೆ ಇನ್ನೊಂದು ತರಬಹುದು. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ನಿಮ್ಮ ಮೈಯದು. ಈ ಎಣ್ಣೆ ಎಲ್ಲಿಗೆ ಹೋಗುತ್ತದೆ ಯೋಚಿಸಿ. ಒಂದಿಷ್ಟು ಹೊಟ್ಟಿನ ಜೊತೆ ಮಣ್ಣಿಗೆ. ಒಂದಿಷ್ಟು ಸಣ್ಣ ತುಂತುರಾಗಿ ನಿಮ್ಮ ಕೈಗೆ, ಬಟ್ಟೆಗೆ, ಉಸಿರಿಗೆ. ಬಳಸಿದ ಎಂಜಿನ್ ಆಯಿಲ್‌ನಲ್ಲಿ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಸೇರಿಕೊಂಡಿರುತ್ತವೆ. ದಿನವಿಡೀ ಅದರಲ್ಲಿ ನೆನೆಯುವ ಕೆಲಸ ಯಾರಿಗೂ ಬೇಡ. ಚೈನ್‌ಸಾ ತಯಾರಿಸುವವರು ತಮ್ಮ ಕೈಪಿಡಿಗಳಲ್ಲಿ ಬಳಸಿದ ಎಣ್ಣೆ ಹಾಕಲೇಬೇಡಿ ಅಂತ ಬರೆಯುವುದೂ ಇದೇ ಕಾರಣಕ್ಕೆ.

ಬಾರ್ ಆಯಿಲ್ ಸಿಗಲೇ ಇಲ್ಲ, ಕೆಲಸ ಅರ್ಧಕ್ಕೆ ನಿಂತಿದೆ ಅಂದರೆ ಹೊಸ ಎಸ್‌ಎಇ 30 ಎಂಜಿನ್ ಆಯಿಲ್ ಒಂದು ದಿನದ ಮಟ್ಟಿಗೆ ಹಾಕಬಹುದು. ಹೆಚ್ಚು ಸಿಡಿಯುತ್ತದೆ, ಬೇಗ ಮುಗಿಯುತ್ತದೆ, ಆದರೆ ಒಣ ಚೈನಿಗಿಂತ ವಾಸಿ.

ನೀರಿನ ಹತ್ತಿರ, ತೋಟದಲ್ಲಿ, ಕಾಡಿನಲ್ಲಿ ಕೊಯ್ಯುವವರು ಮಣ್ಣಲ್ಲಿ ಕರಗಿ ಹೋಗುವ ಸಸ್ಯಮೂಲದ ಬಾರ್ ಆಯಿಲ್ ನೋಡಿ. ನಾನಂತೂ ಅದನ್ನೇ ಬಳಸುತ್ತೇನೆ. ಒಂದೇ ಎಚ್ಚರಿಕೆ: ತಿಂಗಳುಗಟ್ಟಲೆ ಮೆಷಿನ್ ಎತ್ತಿಡುವಾಗ ಅದನ್ನು ಟ್ಯಾಂಕಿನಲ್ಲಿ ಬಿಡಬೇಡಿ. ಅಂಟಂಟಾಗಿ ಚೈನಿನ ಕೀಲುಗಳೆಲ್ಲ ಬಿಗಿದುಕೊಳ್ಳುತ್ತವೆ. ಖಾಲಿ ಮಾಡಿ, ಸ್ವಲ್ಪ ಮಿನರಲ್ (ಪೆಟ್ರೋಲಿಯಂ ಮೂಲದ) ಬಾರ್ ಆಯಿಲ್ ಹಾಕಿ ಎರಡು ನಿಮಿಷ ಓಡಿಸಿ ಇಡಿ.

ಪ್ರಶ್ನೆ: ಅಡುಗೆ ಎಣ್ಣೆಯೂ ಸಸ್ಯಮೂಲದ್ದೇ ಅಲ್ವಾ? ಅದನ್ನೇ ಹಾಕಿದರೆ?

ಉತ್ತರ: ಸ್ವಲ್ಪ ಹೊತ್ತು ನಡೆಯುತ್ತದೆ. ಆದರೆ ಸೂರ್ಯಕಾಂತಿಯಂಥ ಎಣ್ಣೆ ಗಾಳಿಗೆ ಒಣಗಿ ವಾರ್ನಿಷ್ ಹಾಗೆ ಗಟ್ಟಿಯಾಗುತ್ತದೆ. ಬಾಣಲೆಯ ಹೊರಮೈಯಲ್ಲಿ ಕೆರೆದರೂ ಹೋಗದ ಕಂದು ಪದರ ನೋಡಿದ್ದೀರಲ್ಲ, ಅದೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಬಾರಿಗಾಗಿ ಮಾಡುವ ಸಸ್ಯ ಎಣ್ಣೆಗೆ ಒಣಗದಂತೆ ತಡೆಯುವ, ಅಂಟು ಕೊಡುವ ಪದಾರ್ಥಗಳನ್ನು ಸೇರಿಸಿರುತ್ತಾರೆ. ವ್ಯತ್ಯಾಸ ಇರುವುದು ಅಲ್ಲಿ.

ಪ್ರಶ್ನೆ: ಒಳ್ಳೆ ಆಯಿಲ್ ಹಾಕಿದರೂ ಬಾರ್ ಬಿಸಿಯಾಗಿ ಹೊಗೆ ಬರುತ್ತದೆ. ಎಣ್ಣೆ ಸರಿಯಿಲ್ಲವಾ?

ಉತ್ತರ: ಎಣ್ಣೆಯನ್ನು ಬೈಯುವ ಮೊದಲು ಅದು ಚೈನಿಗೆ ಮುಟ್ಟುತ್ತಿದೆಯಾ ನೋಡಿ. ಬಿಳಿ ರಟ್ಟನ್ನೋ ಹೊಸದಾಗಿ ಕಡಿದ ಬುಡವನ್ನೋ ನೆಲದ ಮೇಲಿಟ್ಟುಕೊಳ್ಳಿ. ಬಾರಿನ ಮೂತಿಯನ್ನು ಅದರಿಂದ ಒಂದು ಗೇಣು ಮೇಲೆ ಹಿಡಿದು ಅರ್ಧ ಥ್ರಾಟಲ್ ಕೊಡಿ. ಯಾವುದಕ್ಕೂ ತಾಗಿಸಬೇಡಿ. ಅರ್ಧ ನಿಮಿಷದೊಳಗೆ ಎಣ್ಣೆಯ ಗೆರೆ ಮೂಡಬೇಕು.

ಮೂಡಲಿಲ್ಲವಾದರೆ ಎಂಜಿನ್ ನಿಲ್ಲಿಸಿ ಬಾರ್ ಬಿಚ್ಚಿ. ಕಾಲುವೆಯ ಹೊಟ್ಟು ಕೆರೆದು ತೆಗೆಯಿರಿ, ಎಣ್ಣೆ ತೂತು ಬಿಡಿಸಿ. ಬಹಳಷ್ಟು ಸಲ ಇಷ್ಟಕ್ಕೇ ಸರಿಹೋಗುತ್ತದೆ. ಇಲ್ಲದಿದ್ದರೆ ಟ್ಯಾಂಕಿನ ಒಳಗಿನ ಫಿಲ್ಟರ್ ನೋಡಿ. ಕೆಲವು ಮೆಷಿನ್‌ಗಳ ಅಡಿಯಲ್ಲಿ ಎಣ್ಣೆ ಹೆಚ್ಚು-ಕಮ್ಮಿ ಮಾಡುವ ಸ್ಕ್ರೂ ಇರುತ್ತದೆ. ಉದ್ದ ಬಾರಿಗೆ, ಒಣಗಿದ ಗಟ್ಟಿ ಮರಕ್ಕೆ ಸ್ವಲ್ಪ ಹೆಚ್ಚಿಸಿ. ಎಲ್ಲ ಸರಿಯಿದ್ದೂ ಹೊಗೆ ಬಂದರೆ ಚೈನಿನ ಹಲ್ಲು ಮೊಂಡಾಗಿರಬಹುದು, ಅರ ಹಾಕಿ. ಹರಿತ ಹಲ್ಲಿನಿಂದ ಉದ್ದ ಚಕ್ಕೆ ಬರುತ್ತದೆ, ಮೊಂಡು ಹಲ್ಲಿನಿಂದ ಹಿಟ್ಟಿನಂಥ ಪುಡಿ.

ಪೆಟ್ರೋಲ್ ತುಂಬುವಾಗಲೆಲ್ಲ ಎಣ್ಣೆಯನ್ನೂ ತುಂಬಿ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವ ಹೊತ್ತಿಗೆ ಎಣ್ಣೆ ಟ್ಯಾಂಕಿನ ತಳದಲ್ಲಿ ಸ್ವಲ್ಪ ಮಾತ್ರ ಉಳಿದಿರಬೇಕು. ಪೆಟ್ರೋಲ್ ಖಾಲಿ, ಎಣ್ಣೆ ಇದ್ದಷ್ಟೇ ಇದೆ ಅಂದರೆ ಎಲ್ಲೋ ಕಟ್ಟಿಕೊಂಡಿದೆ. ಬ್ಯಾಟರಿ ಮೆಷಿನ್ ಇರುವವರು ಬ್ಯಾಟರಿ ಬದಲಿಸುವಾಗ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಸುಮ್ನೆ ಇಟ್ಟ ಮೆಷಿನ್ ಕೆಳಗೆ ರಾತ್ರಿಯಿಡೀ ಎಣ್ಣೆ ಸೋರುತ್ತದೆ. ಕೆಟ್ಟಿದೆಯಾ?

ಉತ್ತರ: ಅಂಗೈಯಷ್ಟು ಕಲೆಯಾದರೆ ಗಾಬರಿ ಬೇಡ. ಬಾರಿನಲ್ಲಿ, ಕವರಿನ ಹೊಟ್ಟಿನಲ್ಲಿ ಉಳಿದದ್ದು ಇಳಿಯುತ್ತದೆ. ಟ್ಯಾಂಕೇ ಖಾಲಿಯಾಗುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ, ಪೈಪೋ ಮುಚ್ಚಳದ ರಬ್ಬರೋ ಹೋಗಿರಬಹುದು. ಬಿಸಿಲಲ್ಲಿದ್ದ ಟ್ಯಾಂಕಿನೊಳಗೆ ಗಾಳಿ ಹಿಗ್ಗಿಯೂ ಎಣ್ಣೆ ಹೊರಗೆ ನೂಕುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಳ ಒಮ್ಮೆ ಬಿಚ್ಚಿ ಮತ್ತೆ ಬಿಗಿ ಮಾಡಿ, ಕೆಳಗೊಂದು ರಟ್ಟು ಹಾಕಿ ನೆರಳಲ್ಲಿಡಿ.