70ರ ವೇಗದಲ್ಲಿ ಗಾಡಿ ನಡುಗಿದರೆ ಟಾರ್ಕ್ ಕನ್ವರ್ಟರ್ ಹೋಗಿದೆ ಅಂತಲೇ ಅರ್ಥವಾ?

ನಿಮ್ಮ ಪ್ರಶ್ನೆ ಇಷ್ಟು: ಆಟೋಮ್ಯಾಟಿಕ್ ಎಸ್‌ಯುವಿ, 1 ಲಕ್ಷ ಕಿ.ಮೀ. ದಾಟಿದೆ, 60–80ರ ವೇಗದಲ್ಲಿ ನಡುಗುತ್ತದೆ. ಗ್ಯಾರೇಜಿನವರು ಒಂದು ರೌಂಡ್ ಓಡಿಸಿ ‘ಟಾರ್ಕ್ ಕನ್ವರ್ಟರ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಅಂದಿದ್ದಾರೆ. (ಟಾರ್ಕ್ ಕನ್ವರ್ಟರ್ ಅಂದರೆ ಇಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ.) ಒಪ್ಪಬೇಕಾ?

ಇವತ್ತೇ ಒಪ್ಪಬೇಡಿ. ಅವರು ಹೇಳಿದ್ದು ನಿಜವೂ ಇರಬಹುದು. ಆದರೆ ಒಂದು ಬೋಲ್ಟೂ ಬಿಚ್ಚದೆ ಅದನ್ನು ನೋಡಿಕೊಳ್ಳುವ ದಾರಿ ಇದೆ.

ನನ್ನದು 6 ಸ್ಪೀಡ್ ಆಟೋಮ್ಯಾಟಿಕ್ ಡೀಸೆಲ್ ಗಾಡಿ. ನೆಲಮಂಗಲದಿಂದ ಹಾಸನದ ಕಡೆ ಹೋಗುವಾಗ ಸಣ್ಣ ಏರು ಸಿಕ್ಕರೆ ಸಾಕು, ಟೋಲ್ ಹತ್ತಿರ ರಸ್ತೆಗೆ ಬಳಿದ ದಪ್ಪ ಬಿಳಿ ಪಟ್ಟಿಗಳ ಮೇಲೆ ಹೋದ ಹಾಗೆ ಗರಗರ ಅನ್ನುತ್ತಿತ್ತು. ಎರಡು ಮೂರು ಸೆಕೆಂಡು, ಆಮೇಲೆ ಏನೂ ಇಲ್ಲ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ಇಂಜಿನ್ ಮೌಂಟಿಂಗ್ ಬದಲಿಸಿದೆ. ದುಡ್ಡು ಹೋಯಿತು, ನಡುಕ ಹೋಗಲಿಲ್ಲ.

ಕೊನೆಗೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಪಕ್ಕದಲ್ಲಿ ಕೂತರು. ನಡುಕ ಶುರುವಾದ ತಕ್ಷಣ, ‘ಆಕ್ಸಿಲರೇಟರ್ ಬಿಡಬೇಡಿ ಸರ್. ಎಡಗಾಲಲ್ಲಿ ಬ್ರೇಕ್ ಸುಮ್ನೆ ಮುಟ್ಟಿ, ಒತ್ತಬೇಡಿ’ ಅಂದರು. ಮುಟ್ಟಿದೆ. ಸ್ವಿಚ್ ಆರಿಸಿದ ಹಾಗೆ ನಡುಕ ನಿಂತಿತು. ಆರ್‌ಪಿಎಂ ಮುಳ್ಳು ಸ್ವಲ್ಪ ಮೇಲೆ ಹೋಯಿತು. ಕಾಲು ತೆಗೆದೆ, ಮುಳ್ಳು ಇಳಿಯಿತು, ನಡುಕ ವಾಪಸ್ ಬಂತು. ‘ಲಾಕಪ್ಪು’ ಅಂತ ಒಂದೇ ಮಾತು ಹೇಳಿ ಅವರು ಕಿಟಕಿ ಕಡೆ ತಿರುಗಿಬಿಟ್ಟರು!

ವಿಷಯ ಏನೆಂದರೆ, ಕನ್ವರ್ಟರ್ ಒಳಗೆ ಇಂಜಿನ್ ಕಡೆಯದೊಂದು, ಗೇರ್‌ಬಾಕ್ಸ್ ಕಡೆಯದೊಂದು ಫ್ಯಾನ್ ಎದುರುಬದುರು ಇರುತ್ತವೆ. ನಡುವೆ ಆಯಿಲ್. ಒಂದು ತಿರುಗಿ ಆಯಿಲ್ ತಳ್ಳುತ್ತದೆ, ಆ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಇದರಲ್ಲಿ ಸ್ವಲ್ಪ ಶಕ್ತಿ ಸೋರಿಹೋಗುತ್ತದೆ, ಅದಕ್ಕೆ ಒಂದೇ ವೇಗದಲ್ಲಿ ಹೋಗುವಾಗ ಎರಡನ್ನೂ ಹಿಡಿದು ಕಟ್ಟಲು ಲಾಕಪ್ ಕ್ಲಚ್ ಅಂತ ಇದೆ. ಅದರ ಲೈನಿಂಗ್ ಸವೆದರೆ, ಇಲ್ಲವೇ ಆಯಿಲ್ ಹಳಸಿದರೆ, ಹಿಡಿತ ಸಿಗದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಬ್ರೇಕ್ ಲೈಟ್ ಹತ್ತಿದರೆ ಸಾಕು, ಕಂಪ್ಯೂಟರ್ ಲಾಕಪ್ ಬಿಡಿಸುತ್ತದೆ. ಆ ಮೆಕ್ಯಾನಿಕ್ ಮಾಡಿಸಿದ್ದು ಇಷ್ಟೇ. ಹಿಂದೆ ಗಾಡಿ ಇಲ್ಲದ, ಖಾಲಿ ರಸ್ತೆಯಲ್ಲಿ ಮಾತ್ರ ಮಾಡಿ.

ಬ್ರೇಕ್ ಮುಟ್ಟಿದರೂ ನಡುಗಿದರೆ ಇಂಜಿನ್ ಕಡೆ ನೋಡಿ: ಇಂಜೆಕ್ಟರ್, ಪೆಟ್ರೋಲ್ ಆದರೆ ಕಾಯಿಲ್, ಪ್ಲಗ್. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ನಡುಕ ಜಾಸ್ತಿಯಾದರೆ ಅದು ಹೆಚ್ಚಾಗಿ ಮಿಸ್‌ಫೈರ್, ಅಂದರೆ ಇಂಜಿನ್ ಒಳಗೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಲಾಕಪ್ ನಡುಕ ಹಗುರ ಕಾಲಿಗೆ ಬರುವಂಥದ್ದು. ಜೋರಾಗಿ ಒತ್ತಿದರೆ ಲಾಕ್ ಬಿಟ್ಟುಕೊಂಡು ಅದೇ ನಿಂತುಹೋಗುತ್ತದೆ.

ಎರಡನೆಯದಾಗಿ, ಸ್ಕ್ಯಾನರ್ ಹಾಕಿಸಿ. ಬರೀ ಕೋಡ್ ಓದಿ ತೆಗೆಯುವುದಲ್ಲ, ಗಾಡಿ ಓಡುವಾಗ ಟಿಸಿಸಿ ಸ್ಲಿಪ್, ಅಂದರೆ ಲಾಕಪ್ ಕ್ಲಚ್ ಎಷ್ಟು ಜಾರುತ್ತಿದೆ ಅನ್ನೋ ಸಾಲು ನೋಡಬೇಕು. ಪೂರ್ತಿ ಲಾಕ್ ಆದಾಗ ಅದು ಸೊನ್ನೆಯ ಹತ್ತಿರ ನಿಲ್ಲಬೇಕು. ನನ್ನದು ಕುಣಿಯುತ್ತಿತ್ತು. ಲಾಕಪ್ ಸರಿ ಹಿಡಿಯುತ್ತಿಲ್ಲ ಅಂತ ಹೇಳುವ ಪಿ0741 ಕೋಡ್ ಬಂದಿದ್ದು ಎಷ್ಟೋ ತಿಂಗಳ ಮೇಲೆ. ಹಾಗಾಗಿ ಕೋಡ್ ಇಲ್ಲ ಅಂದರೆ ತೊಂದರೆ ಇಲ್ಲ ಅಂತಲ್ಲ.

ಆಮೇಲೆ ಗೇರ್‌ಬಾಕ್ಸ್ ಆಯಿಲ್. ನನ್ನ ಗಾಡಿಗೆ ಹಾಕುವ ಹೊಸ ಆಯಿಲ್ ದಾಳಿಂಬೆ ರಸದ ಹಾಗೆ ಕೆಂಪಗಿರುತ್ತದೆ. ಒಳಗಿಂದ ಬಂದಿದ್ದು ಕಾಫಿ ಡಿಕಾಕ್ಷನ್ ಬಣ್ಣ. ಬರೀ ಕಪ್ಪಾಗಿದ್ದರೆ ಮೊದಲು ಆಯಿಲ್ ಬದಲಿಸಿ ನೋಡಿ, ಕಂಪನಿ ಹೇಳಿದ ಗ್ರೇಡೇ ಆಗಬೇಕು. ಒಂದು ಸಲ ಡ್ರೈನ್ ಮಾಡಿದರೆ ಪೂರ್ತಿ ಬರುವುದಿಲ್ಲ, ಕನ್ವರ್ಟರ್ ಒಳಗೆ ಉಳಿದುಬಿಡುತ್ತದೆ. ಅದಕ್ಕೇ ನಡುವೆ ಸ್ವಲ್ಪ ಓಡಿಸಿ ಎರಡು ಮೂರು ಸಲ ಬದಲಿಸಬೇಕು. ಎಷ್ಟೋ ಗಾಡಿಗಳ ನಡುಕ ಇಷ್ಟಕ್ಕೇ ನಿಲ್ಲುತ್ತದೆ. ಸೀದ ವಾಸನೆ, ಜರಿಯ ಹಾಗೆ ಹೊಳೆಯುವ ಲೋಹದ ಪುಡಿ, ಎರಡೂ ಇದ್ದರೆ ಆಯಿಲ್‌ಗೆ ಖರ್ಚು ಮಾಡಬೇಡಿ, ಗೇರ್‌ಬಾಕ್ಸ್ ಇಳಿಸಲೇಬೇಕು. ನನ್ನದರಲ್ಲಿ ಎರಡೂ ಇದ್ದವು.

ಇಳಿಸುವ ಕೆಲಸ ದೊಡ್ಡದೇ. ಪ್ರೊಪೆಲ್ಲರ್ ಶಾಫ್ಟ್, ಅಡ್ಡ ಮೆಂಬರ್, ಕೂಲರ್ ಪೈಪು, ವೈರಿಂಗ್ ಎಲ್ಲಾ ಬಿಚ್ಚಬೇಕು. ಫೋರ್ ವೀಲ್ ಡ್ರೈವ್ ಆದರೆ ಟ್ರಾನ್ಸ್‌ಫರ್ ಕೇಸೂ ಸೇರಿತು. ಹಾಗಾಗಿ ಲೇಬರ್ ಬೇರೆ, ಪಾರ್ಟ್ಸ್ ಬೇರೆ ಬರೆಸಿಕೊಳ್ಳಿ. ರೀಬಿಲ್ಡ್ ಕನ್ವರ್ಟರ್ ಹಾಕಬಹುದು. ಹಳೆಯದನ್ನು ಲೇತ್‌ನಲ್ಲಿ ಕತ್ತರಿಸಿ, ಲೈನಿಂಗ್ ಬದಲಿಸಿ, ಮತ್ತೆ ವೆಲ್ಡ್ ಮಾಡಿ ಕೊಡುತ್ತಾರೆ. ಬ್ಯಾಲೆನ್ಸ್, ಲೀಕ್ ಟೆಸ್ಟ್ ಎರಡೂ ಮಾಡಿದ್ದಾರಾ ಅಂತ ಕೇಳಿ, ವಾರಂಟಿ ಬಿಲ್ಲಿನ ಮೇಲೆ ಬರೆಸಿ.

ಕೂರಿಸುವ ದಿನ ಮಾತ್ರ ಗ್ಯಾರೇಜಿನಲ್ಲೇ ನಿಲ್ಲಿ. ಹೊಸ ಕನ್ವರ್ಟರ್‌ಗೆ ಮೊದಲು ಸ್ವಲ್ಪ ಆಯಿಲ್ ಸುರಿಯುತ್ತಾರೆ. ಆಮೇಲೆ ಗೇರ್‌ಬಾಕ್ಸ್ ಶಾಫ್ಟಿನ ಮೇಲೆ ತಿರುಗಿಸುತ್ತಾ ಒಳಗೆ ತಳ್ಳುತ್ತಾರೆ. ‘ಟಕ್’ ಅಂತ ಒಂದು ಸಲ ಇಳಿಯುತ್ತದೆ. ಅಷ್ಟಕ್ಕೆ ಆಯಿತು ಅಂದುಕೊಳ್ಳುವವರಿದ್ದಾರೆ. ಆಗಿರುವುದಿಲ್ಲ. ಟರ್ಬೈನ್ (ಗೇರ್‌ಬಾಕ್ಸ್ ಕಡೆಯ ಫ್ಯಾನ್), ಸ್ಟೇಟರ್ (ಎರಡು ಫ್ಯಾನ್ ನಡುವಿನ ಸಣ್ಣ ಚಕ್ರ), ಆಯಿಲ್ ಪಂಪ್ ಮೂರೂ ಕಡೆ ಹಲ್ಲು ಕೂರಬೇಕು. ಕೂತಿಲ್ಲದಿದ್ದರೂ ಬೋಲ್ಟ್ ಬಿಗಿದು ಎಳೆದರೆ ಪಂಪ್ ಒಡೆಯುತ್ತದೆ, ಹೊಸ ಖರ್ಚು ಶುರು. ನಮ್ಮ ಗ್ಯಾರೇಜಿನ ಹುಡುಗ ಬೆಲ್‌ಹೌಸಿಂಗ್ (ಕನ್ವರ್ಟರ್ ಸುತ್ತ ಇರುವ ಗೇರ್‌ಬಾಕ್ಸಿನ ಮುಂದಿನ ಕವಚ) ಅಂಚಿಗೆ ಸ್ಕೇಲ್ ಅಡ್ಡ ಇಟ್ಟು ಆಳ ಅಳೆದು, ಮ್ಯಾನ್ಯುಯಲ್ ನೋಡಿ, ಇನ್ನೊಮ್ಮೆ ತಿರುಗಿಸಿದ. ಇನ್ನೊಂದು ಟಕ್ ಬಂತು. ಗೇರ್‌ಬಾಕ್ಸ್ ಇಂಜಿನ್‌ಗೆ ಸೇರಿದ ಮೇಲೂ, ಇಂಜಿನ್ ಕಡೆಯ ತೆಳು ತಟ್ಟೆ, ಅಂದರೆ ಫ್ಲೆಕ್ಸ್‌ಪ್ಲೇಟ್‌ಗೆ ಬೋಲ್ಟ್ ಹಾಕುವ ಮುಂಚೆ, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು.

ಅದೇ ಹೊತ್ತಿಗೆ ಮುಂದಿನ ಆಯಿಲ್ ಸೀಲ್ ಬದಲಿಸಿಬಿಡಿ, ಫ್ಲೆಕ್ಸ್‌ಪ್ಲೇಟ್ ಬಿರುಕು ಬಿಟ್ಟಿದೆಯಾ ನೋಡಿಸಿ. ಕೂಲರ್ ತೊಳೆಯದೆ ಬಿಟ್ಟರೆ ಹಳೆಯ ಪುಡಿಯೆಲ್ಲಾ ಹೊಸದರೊಳಗೆ ಹೋಗುತ್ತದೆ. ಕೊನೆಗೆ ಆಯಿಲ್ ಮಟ್ಟವನ್ನು ಮ್ಯಾನ್ಯುಯಲ್ ಹೇಳಿದ ಬಿಸಿಗೆ ಬಂದ ಮೇಲೇ ನೋಡಬೇಕು, ಸ್ಕ್ಯಾನರ್‌ನಲ್ಲಿ ಗೇರ್‌ಬಾಕ್ಸ್ ಅಡಾಪ್ಟೇಶನ್ (ಕಂಪ್ಯೂಟರ್ ಹಳೆಯ ಸವೆತಕ್ಕೆ ಹೊಂದಿಸಿಕೊಂಡ ಲೆಕ್ಕ) ರೀಸೆಟ್ ಮಾಡಬೇಕು.

ಮೊದಲು ಆ ಬ್ರೇಕ್ ಪರೀಕ್ಷೆ ಮಾಡಿ, ಏನಾಯಿತು ಅಂತ ಇಲ್ಲೇ ಬರೆಯಿರಿ. ಗಾಡಿ ಡೀಸೆಲ್ಲೋ ಪೆಟ್ರೋಲೋ, ಆಯಿಲ್ ಕೊನೆಗೆ ಯಾವಾಗ ಬದಲಿಸಿದ್ದು, ಅದನ್ನೂ ಹೇಳಿ.