ಎದುರು ಮಾತನಾಡಿದವನಿಗೂ ದೋಣಿಯಲ್ಲಿ ಜಾಗ

ಪ್ರಶ್ನೆ: ನಮ್ಮೂರಿನ ಹದಿನಾಲ್ಕು ಮಂದಿ ತೊಗರಿ ಬೆಳೆಗಾರರು ಸ್ವಂತ ದಾಲ್ ಮಿಲ್ ಹಾಕಲೆಂದು ಎರಡು ವರ್ಷದಿಂದ ತಿಂಗಳ ಕಂತು ಕೂಡಿಸುತ್ತಿದ್ದೇವೆ. ಈ ಸಲ ನೆಟೆ ರೋಗದಿಂದ ಬೆಳೆ ಒಣಗಿತು. ಯಂತ್ರದ ಕೆಲಸ ಬಲ್ಲ ಸದಸ್ಯರೊಬ್ಬರು ‘ಬೆಳೆಯೇ ಇಲ್ಲದ ಮೇಲೆ ಕಂತೇಕೆ?’ ಎಂದು ಸಭೆಯಲ್ಲೇ ನಿರಾಕರಿಸಿದರು. ಅವರನ್ನು ಗುಂಪಿನಿಂದ ಬಿಡಬೇಕೆ? ತರಬೇತಿಯೊಂದರಲ್ಲಿ ಶ್ಯಾಕಲ್ಟನ್ ಅವರ ಅಂಟಾರ್ಕ್ಟಿಕಾ ಯಾತ್ರೆಯ ಕಥೆ ಹೇಳಿದ್ದರು. ಅದರಿಂದ ನಮಗೇನು ಪ್ರಯೋಜನವೆಂದು ತಿಳಿಯಲಿಲ್ಲ.
– ಹೆಸರು ಬೇಡ, ಜೇವರ್ಗಿ ತಾಲ್ಲೂಕು

ಉತ್ತರ: ಆ ಕಥೆಯನ್ನು ಸಾಮಾನ್ಯವಾಗಿ ನಾಯಕನ ಧೈರ್ಯಕ್ಕಾಗಿ ಹೇಳುತ್ತಾರೆ. ನಿಮಗೆ ಬೇಕಾದದ್ದು ಅದರೊಳಗಿನ ಬಡಗಿಯ ಪ್ರಸಂಗ.

ಅಂಟಾರ್ಕ್ಟಿಕಾ ಖಂಡವನ್ನು ಒಂದು ದಡದಿಂದ ಇನ್ನೊಂದಕ್ಕೆ ದಾಟಬೇಕೆಂದು 1914ರಲ್ಲಿ ಹೊರಟ ಬ್ರಿಟನ್ನಿನ ಅನ್ವೇಷಕ ಶ್ಯಾಕಲ್ಟನ್ ಅವರ ತಂಡದ ‘ಎಂಡ್ಯೂರೆನ್ಸ್’ ಹಡಗು 1915ರ ಜನವರಿಯಲ್ಲಿ ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿ, ತಿಂಗಳುಗಟ್ಟಲೆ ಅದರೊಂದಿಗೇ ತೇಲಿ, ಕೊನೆಗೆ ಹಿಮದ ಒತ್ತಡಕ್ಕೆ ನುಜ್ಜುಗುಜ್ಜಾಗಿ ನವೆಂಬರ್‌ನಲ್ಲಿ ಮುಳುಗಿತು. ಆಗ ಶ್ಯಾಕಲ್ಟನ್ ಖಂಡ ದಾಟುವ ಮಾತನ್ನೇ ಬಿಟ್ಟು, ಇಪ್ಪತ್ತೆಂಟು ಮಂದಿಯೂ ಜೀವಂತ ಮರಳುವುದೇ ಇನ್ನು ಕೆಲಸವೆಂದು ಎಲ್ಲರ ಮುಂದೆ ಹೇಳಿದರು. ಡಿಸೆಂಬರ್‌ನಲ್ಲಿ ದೋಣಿಗಳನ್ನು ಹಿಮದ ಮೇಲೆ ಎಳೆದುಕೊಂಡು ಹೊರಟಾಗ ಬಡಗಿ ಹ್ಯಾರಿ ಮೆಕ್‌ನಿಶ್ ‘ಹಡಗೇ ಮುಳುಗಿದ ಮೇಲೆ ಹಡಗಿನ ಕರಾರು ನನ್ನನ್ನು ಕಟ್ಟುವುದಿಲ್ಲ’ ಎಂಬ ವಾದ ಹೂಡಿ ನಿಂತುಬಿಟ್ಟರು. ನಿಮ್ಮ ಸದಸ್ಯರು ಕೇಳಿದ್ದು ಹೆಚ್ಚುಕಡಿಮೆ ಇದೇ ಅಲ್ಲವೆ? ಶ್ಯಾಕಲ್ಟನ್ ಎಲ್ಲರನ್ನೂ ಸೇರಿಸಿ, ಕರಾರು ಇನ್ನೂ ಜಾರಿಯಲ್ಲಿದೆ, ಊರು ಸೇರುವ ದಿನದವರೆಗೆ ಸಂಬಳವೂ ಸಲ್ಲುತ್ತದೆ ಎಂದು ಸ್ಪಷ್ಟಪಡಿಸಿದರು. ಮೆಕ್‌ನಿಶ್ ಕೆಲಸಕ್ಕೆ ಮರಳಿದರು. ಆದರೆ ಹಿಮ ಮೆತ್ತಗಾಗಿದ್ದರಿಂದ ಕೆಲವೇ ದಿನಗಳಲ್ಲಿ ಶ್ಯಾಕಲ್ಟನ್ ತಾವೇ ಆ ನಡಿಗೆಯನ್ನು ನಿಲ್ಲಿಸಬೇಕಾಯಿತು. ಎದುರು ಮಾತನಾಡಿದವನ ಹಟದಲ್ಲಿ ಕಾಳಷ್ಟಾದರೂ ನಿಜವಿತ್ತು.

1916ರ ಏಪ್ರಿಲ್‌ನಲ್ಲಿ ಎಲಿಫೆಂಟ್ ದ್ವೀಪ ಸೇರಿದಾಗ, ನೆರವು ತರಲು ಸುಮಾರು 1300 ಕಿಲೋಮೀಟರ್ ದೂರದ ದಕ್ಷಿಣ ಜಾರ್ಜಿಯಾಕ್ಕೆ ಏಳು ಮೀಟರ್‌ನಷ್ಟೂ ಉದ್ದವಿಲ್ಲದ ದೋಣಿಯಲ್ಲಿ ಹೋಗಬೇಕಾಯಿತು. ಅದರ ಅಂಚನ್ನು ಎತ್ತರಿಸಿ, ಪೆಟ್ಟಿಗೆಯ ಹಲಗೆ ಮತ್ತು ಕ್ಯಾನ್ವಾಸ್‌ನಿಂದ ಮೇಲ್ಮುಚ್ಚು ಮಾಡಿ, ಸಂದುಗಳಿಗೆ ಸೀಲ್ ಪ್ರಾಣಿಯ ರಕ್ತ ಮತ್ತು ಬಣ್ಣ ಮೆತ್ತಿದವರು ಅದೇ ಮೆಕ್‌ನಿಶ್. ಆರು ಜನರ ಆ ದೋಣಿಗೆ ಶ್ಯಾಕಲ್ಟನ್ ಮೆಕ್‌ನಿಶ್ ಅವರನ್ನೇ ಆರಿಸಿದರು. ಜಗಳಗಂಟನೆಂದು ಹೆಸರಾದ ನಾವಿಕ ವಿನ್ಸೆಂಟ್‌ನನ್ನೂ ಕರೆದುಕೊಂಡರು. ಕೌಶಲವಿದೆ ಎಂಬುದರ ಜೊತೆಗೆ, ಅಸಮಾಧಾನ ದ್ವೀಪದಲ್ಲಿ ಉಳಿದವರಿಗೆ ಹರಡಬಾರದೆಂಬ ಲೆಕ್ಕವೂ ಅದರಲ್ಲಿದ್ದಿರಬಹುದು. ಆಗಸ್ಟ್ 30ರಂದು, ನಾಲ್ಕನೆಯ ಪ್ರಯತ್ನದಲ್ಲಿ, ದ್ವೀಪದ ಇಪ್ಪತ್ತೆರಡು ಮಂದಿಯೂ ಪಾರಾದರು. (ಇದೇ ಯಾತ್ರೆಗಾಗಿ ಖಂಡದ ಮತ್ತೊಂದು ದಡದಲ್ಲಿ ಆಹಾರ ಇಡಲು ಹೋದ ತಂಡದಲ್ಲಿ ಮೂವರು ತೀರಿಕೊಂಡರು. ತರಬೇತಿಗಳಲ್ಲಿ ಇದನ್ನು ಬಿಟ್ಟುಬಿಡುತ್ತಾರೆ.)

ಊರು ಸೇರಿದ ಮೇಲೆ ಶ್ಯಾಕಲ್ಟನ್ ಮೆಕ್‌ನಿಶ್ ಅವರಿಗೆ ಧ್ರುವ ಪದಕ ಸಿಗದಂತೆ ನೋಡಿಕೊಂಡರು. ಅದು ಅವರ ಸಣ್ಣತನವೆಂದೇ ನನ್ನ ಅಭಿಪ್ರಾಯ. ನೀವು ಅದನ್ನು ಅನುಸರಿಸಬೇಡಿ.

ಮುಂದಿನ ಸಭೆಯಲ್ಲಿ ಮೊದಲು, ಈ ವರ್ಷ ಮಿಲ್ ಇಲ್ಲ ಎಂದು ಬಾಯಿಬಿಟ್ಟು ಹೇಳಿ. ಕೂಡಿದ ಹಣ ಎಷ್ಟಿದೆ, ಬಿತ್ತನೆ ಬೀಜಕ್ಕೆ ಎಷ್ಟು ಬೇಕು, ಕಂತನ್ನು ಎಷ್ಟು ತಿಂಗಳು ತಡೆಯಬಹುದು ಎಂಬುದನ್ನು ಲೆಕ್ಕದ ಪುಸ್ತಕ ಬಿಚ್ಚಿ ತೋರಿಸಿ. ಯಂತ್ರದ ದರ ವಿಚಾರಿಸಲು ಕಲಬುರಗಿಗೆ ಹೋಗುವಾಗ ಆ ಸದಸ್ಯರನ್ನೇ ಜೊತೆಗೆ ಕರೆದೊಯ್ಯಿರಿ.

ಪ್ರಶ್ನೆ: ರೊಟ್ಟಿ ಮಾರುವ ನಮ್ಮ ಸ್ವಸಹಾಯ ಸಂಘದ ಅಧ್ಯಕ್ಷೆ ಮೇಳಗಳಿಗೆ ಬೇರೆಯವರನ್ನೇ ಕಳುಹಿಸುತ್ತಾರೆ. ಮುಂದಾಳು ಮುಂದೆ ಇರಬೇಡವೆ?
– ಓದುಗರೊಬ್ಬರು, ಭಾಲ್ಕಿ

ಉತ್ತರ: 1953ರ ಎವರೆಸ್ಟ್ ಯಾತ್ರೆಯ ನಾಯಕ ಜಾನ್ ಹಂಟ್ ಶಿಖರ ಮುಟ್ಟಲಿಲ್ಲ. ಮೇ 26ರಂದು ಅವರು ಶೆರ್ಪಾ ದಾ ನಮ್‌ಗ್ಯಾಲ್ ಅವರೊಡನೆ 8300 ಮೀಟರ್‌ಗೂ ಮೇಲೆ ಹೊರೆ ಹೊತ್ತು, ಅದನ್ನು ಅಲ್ಲಿಟ್ಟು ಇಳಿದು ಬಂದರು. ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಶಿಖರಕ್ಕೆ ಹೊರಟ ಕೊನೆಯ ಶಿಬಿರಕ್ಕೆ ಆ ಹೊರೆಯೂ ಸೇರಿತ್ತು. ನಿಮ್ಮ ಅಧ್ಯಕ್ಷೆ ಬ್ಯಾಂಕಿಗೆ ಅಲೆದು ಕಾಗದಪತ್ರ ಮಾಡಿಸುವುದು, ರೊಟ್ಟಿಯ ಜೋಳ ಹೊಂದಿಸುವುದು ಇಂಥ ಹೊರೆಗಳನ್ನು ಹೊರುತ್ತಿದ್ದಾರೆಯೇ ಎಂದು ನೋಡಿ. ಹೊರುತ್ತಿಲ್ಲವಾದರೆ ನಿಮ್ಮ ದೂರು ನ್ಯಾಯವಾದದ್ದು.